‘ಸಕ್ಸೀಡ್’ ಅಂದ್ರೆ ಗೆದ್ದರೋ, ಹಿಂದೆ ಬಂದರೋ?

ಪ್ರಶ್ನೆ: ಮೇಡಂ, ನಾನು ಹಾಸನ ಜಿಲ್ಲೆಯವಳು. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಬಿ.ಕಾಂ. ಮುಗಿಸಿ ಈಗ ಒಂದು ಖಾಸಗಿ ಫೈನಾನ್ಸ್ ಕಂಪನಿಯ ಬ್ರಾಂಚಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಮ್ಯಾನೇಜರ್ ಸರ್ ವರ್ಗವಾಗಿ ಹೋದರು, ಹೊಸ ಮೇಡಂ ಬಂದರು. ಹೆಡ್ ಆಫೀಸಿಗೆ ಮೇಲ್ ಹಾಕುವ ಕೆಲಸ ನನಗೆ ಬಂತು. ‘ಓಲ್ಡ್ ಮ್ಯಾನೇಜರ್ ಸಕ್ಸೀಡೆಡ್ ನ್ಯೂ ಮ್ಯಾನೇಜರ್’ ಅಂತ ಬರೆದೆ. ಹಳಬರು ಹೊಸಬರಿಗೆ ಚಾರ್ಜ್ ಕೊಟ್ಟರು ಅಂತ ಹೇಳಬೇಕಿತ್ತು. ಅಲ್ಲಿಂದ ‘ಈಗ ಚಾರ್ಜ್ ಯಾರ ಹತ್ತಿರ ಇದೆ?’ ಅಂತ ಫೋನ್ ಬಂತು. ಚೆಕ್ ಸಹಿ ಬದಲಾಯಿಸುವ ಕೆಲಸ ಎರಡು ದಿನ ತಡವಾಯ್ತು. ಅದೇ ಮೇಲಿನಲ್ಲಿ ‘ಐ ಸಕ್ಸೀಡೆಡ್ ಟು ಕಲೆಕ್ಟ್ ದ ಡ್ಯೂಸ್’, ‘ಸೆಂಡ್ ಆಫ್ ಪ್ರೋಗ್ರಾಂ ವಾಸ್ ಸಕ್ಸಸ್’ ಅಂತಲೂ ಬರೆದಿದ್ದೆ. ಮೂರೂ ತಪ್ಪು ಅಂತ ಸಹೋದ್ಯೋಗಿಯೊಬ್ಬರು ಎಲ್ಲರೆದುರು ಹೇಳಿದರು. ‘ಸಕ್ಸೀಡ್ ಆದಮೇಲೆ ಟು ಬರೋದೇ ಇಲ್ಲ’ ಅಂದರು. ಆದರೆ ತಮ್ಮನ ಇತಿಹಾಸ ಪುಸ್ತಕದಲ್ಲಿ ‘ಸಕ್ಸೀಡೆಡ್ ಟು ದ ಥ್ರೋನ್’ ಅಂತಿದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ‘ಅವೆರಡು ಬೇರೆ ಬೇರೆ ಪದ, ಸ್ಪೆಲ್ಲಿಂಗ್ ಮಾತ್ರ ಒಂದೇ’ ಅಂತಾರೆ. ಅಪ್ಪ ತೀರಿಕೊಂಡಾಗ ಬ್ಯಾಂಕಿನವರು ‘ಸಕ್ಸೆಷನ್ ಸರ್ಟಿಫಿಕೇಟ್’ ತನ್ನಿ ಅಂದಿದ್ದರು. ಅದಕ್ಕೂ ಯಶಸ್ಸಿಗೂ ಏನು ಸಂಬಂಧ ಅಂತ ಅವತ್ತಿನಿಂದ ತಲೆಯಲ್ಲಿದೆ. ಈ ಪದವನ್ನೇ ಬಿಟ್ಟುಬಿಡಲಾ?

ಉತ್ತರ: ಎಲ್ಲರೆದುರು ತಪ್ಪು ಎತ್ತಿ ತೋರಿಸಿದರೆ ಮನಸ್ಸಿಗೆ ಎಷ್ಟು ನೋವಾಗುತ್ತೆ ಅಂತ ನನಗೆ ಗೊತ್ತು. ಆಮೇಲೆ ಮೇಲ್ ತೆರೆದಾಗಲೆಲ್ಲ ಕೈ ಹಿಂದೆ ಸರಿಯುತ್ತೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಆ ಹಿಂಜರಿಕೆಯೇ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮೂರು ವಾಕ್ಯಗಳಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಆ ಮೂರಕ್ಕೂ ಕಾರಣ ನೀವು ದಡ್ಡರು ಅಂತಲ್ಲ. ನೀವು ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದೀರಿ. ಆ ಯೋಚನೆ ಇಂಗ್ಲಿಷಿಗೆ ಹೋಗುವಾಗ ದಾರಿಯಲ್ಲಿ ಮೂರು ಕಡೆ ಎಡವಿದೆ, ಅಷ್ಟೆ. ಎಡವಿದ ಜಾಗ ಗೊತ್ತಾದರೆ ಮತ್ತೆ ಎಡವುವುದಿಲ್ಲ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸಿದ್ದೇನೆ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂನಿಂದ ಬಂದವರು. ಒಂದು ಸಲ ಅನುವಾದಕ್ಕೆ ಒಂದು ಸಣ್ಣ ವಾಕ್ಯ ಕೊಟ್ಟಿದ್ದೆ: ‘ಟಿಪ್ಪು ಸುಲ್ತಾನ್ ಸಕ್ಸೀಡೆಡ್ ಹೈದರ್ ಅಲಿ ಇನ್ 1782.’ ಕೊನೇ ಬೆಂಚಿನ ಹುಡುಗನೊಬ್ಬ ನೀಟಾದ ಅಕ್ಷರದಲ್ಲಿ ಬರೆದಿದ್ದ: ‘1782ರಲ್ಲಿ ಟಿಪ್ಪು ಸುಲ್ತಾನನು ಹೈದರಾಲಿಯನ್ನು ಗೆದ್ದನು.’ ತಂದೆ ಮೇಲೆ ಮಗ ಯುದ್ಧ ಮಾಡಿ ಗೆದ್ದ ಹಾಗೆ! ನಿಜವಾಗಿ ಆಗಿದ್ದು ಬೇರೆ. ಆ ವರ್ಷ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ, ಅವನ ಜಾಗಕ್ಕೆ ಟಿಪ್ಪು ಬಂದ.

ಆ ಹುಡುಗನ ನೋಟ್ಸ್ ತಿರುವಿ ನೋಡಿದೆ. ಪುಟದ ಎಡಕ್ಕೆ ‘ಸಕ್ಸೀಡ್’, ಬಲಕ್ಕೆ ‘ಗೆಲ್ಲು, ಯಶಸ್ವಿಯಾಗು’. ಅಷ್ಟೇ. ಪದ ಬಂದಿತ್ತು, ಅದರ ಜೊತೆಗಾರರು ಬಂದಿರಲಿಲ್ಲ. ಗೆಲ್ಲು ಅಂದಮೇಲೆ ‘ಯಾರನ್ನು’ ಅಂತ ಕೇಳುವುದು ಕನ್ನಡದಲ್ಲಿ ಸಹಜ ಅಲ್ವಾ? ಪಕ್ಕದಲ್ಲಿ ಹೈದರಾಲಿಯ ಹೆಸರಿತ್ತು. ಅವನನ್ನೇ ಗೆದ್ದ ಅಂತ ಹುಡುಗ ಬರೆದ. ಅವತ್ತಿನಿಂದ ನಾನು ಈ ಪದವನ್ನು ಒಂಟಿಯಾಗಿ ಬೋರ್ಡ್ ಮೇಲೆ ಬರೆದಿಲ್ಲ. ಸಕ್ಸೀಡ್ ಪದದ ಅರ್ಥ ಅದರ ಮುಂದೆ ಏನು ಬರುತ್ತೆ ಅನ್ನುವುದರ ಮೇಲೆ ನಿಂತಿದೆ. ‘ಇನ್’ ಬಂದರೆ ಒಂದು, ಮನುಷ್ಯನ ಹೆಸರು ಬಂದರೆ ಇನ್ನೊಂದು, ‘ಟು’ ಬಂದು ಸಿಂಹಾಸನವೋ ಆಸ್ತಿಯೋ ಬಂದರೆ ಮತ್ತೊಂದು. ಪದವನ್ನು ನೋಡಬೇಡಿ, ಅದರ ಪಕ್ಕದ ಮನೆ ನೋಡಿ.

ಈಗ ನಿಮ್ಮ ಕ್ಲಾಸಿನವರ ಮಾತಿಗೆ ಬರುತ್ತೇನೆ. ಎರಡು ಬೇರೆ ಪದಗಳು, ಸ್ಪೆಲ್ಲಿಂಗ್ ಮಾತ್ರ ಒಂದೇ ಅನ್ನುವುದು ನಿಜವಲ್ಲ. ಪದ ಒಂದೇ, ಬೇರೂ ಒಂದೇ. ಲ್ಯಾಟಿನ್‌ನಲ್ಲಿ ‘ಸಬ್’ ಅಂದರೆ ಕೆಳಗೆ ಅಥವಾ ಬೆನ್ನಿಗೆ ಹತ್ತಿರ, ‘ಸೆಡೆರೆ’ ಅಂದರೆ ಹೋಗು. ಎರಡೂ ಸೇರಿ ಬೆನ್ನಿಗೇ ಬರು, ಹಿಂದೆಯೇ ಬರು ಅಂತಾಯ್ತು. 14ನೇ ಶತಮಾನದ ಕೊನೆ ಹೊತ್ತಿಗೆ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಇಷ್ಟೇ ಇತ್ತು: ಒಬ್ಬರಾದಮೇಲೆ ಒಬ್ಬರು ಬರುವುದು. ಗೆಲುವಿನ ಸುದ್ದಿ ಆಮೇಲಿನದು.

ಹಿಂದೆ ಬರುವುದು ಗೆಲುವು ಹೇಗಾಯ್ತು? ಒಂದು ಕೆಲಸ ಮಾಡುತ್ತೀರಿ, ಅದರ ಹಿಂದೆ ಏನೋ ಒಂದು ಬರುತ್ತೆ. ಅದನ್ನು ಪರಿಣಾಮ ಅಂತೀವಿ. 16ನೇ ಶತಮಾನದ ಇಂಗ್ಲಿಷಿನಲ್ಲಿ ‘ಸಕ್ಸಸ್’ ಅಂದರೆ ಆ ಪರಿಣಾಮ ಮಾತ್ರ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಹಾಗಾಗಿ ಆಗಿನವರು ‘ಗುಡ್ ಸಕ್ಸಸ್’, ‘ಇಲ್ ಸಕ್ಸಸ್’ ಅಂತ ಬಿಡಿಸಿ ಹೇಳುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ಯೆಹೋಶುವನ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಈಗಲೂ ‘ಗುಡ್ ಸಕ್ಸಸ್’ ಅಂತಲೇ ಇದೆ. ಇವತ್ತಿನ ಕಿವಿಗೆ ಅದು ‘ಒಳ್ಳೆಯ ಯಶಸ್ಸು’ ಅಂದ ಹಾಗೆ ಕೇಳುತ್ತೆ. ಅವತ್ತು ಅದು ‘ಒಳ್ಳೆಯ ಫಲ’. ಬರಬರುತ್ತಾ ಜನ ‘ಗುಡ್’ ಬಿಟ್ಟರು. ಒಳ್ಳೆಯದು ಅನ್ನುವ ಅರ್ಥ ಪದದ ಒಳಗೇ ಉಳಿದುಕೊಂಡಿತು.

ಇದೇನೂ ವಿಚಿತ್ರ ಅಲ್ಲ. ನಮ್ಮ ಕನ್ನಡದಲ್ಲೂ ಇದೇ ನಡೆದಿದೆ. ‘ಫಲ’ ಅಂದರೆ ಬಂದದ್ದು. ಕರ್ಮಫಲ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಆದರೆ ‘ಪ್ರಯತ್ನ ಫಲಿಸಿತು’ ಅಂದರೆ ಒಳ್ಳೆಯದೇ ಆಯ್ತು ಅಂತ. ‘ಅದೃಷ್ಟ’ ಅಂದರೆ ಕಣ್ಣಿಗೆ ಕಾಣದ್ದು ಅಂತ ಮೂಲ ಅರ್ಥ. ಈಗ ಬರೀ ‘ಅದೃಷ್ಟ ಕಣೋ ನಿಂದು’ ಅಂದರೆ ಸಾಕು, ಒಳ್ಳೆಯ ಅದೃಷ್ಟ ಅಂತಲೇ ಅರ್ಥ. ‘ಲಕ್ಷಣ’ ಅಂದರೆ ಗುರುತು. ‘ಹುಡುಗಿ ಲಕ್ಷಣವಾಗಿದ್ದಾಳೆ’ ಅಂದರೆ ಚೆನ್ನಾಗಿದ್ದಾಳೆ. ಯಾವ ಮನೆಯಲ್ಲೂ ‘ಒಳ್ಳೆಯ ಲಕ್ಷಣವಾಗಿದ್ದಾಳೆ’ ಅಂತ ಬಿಡಿಸಿ ಹೇಳುವುದಿಲ್ಲ. ಜನ ತಮಗೆ ಬೇಕಾದ ಒಳ್ಳೆಯದನ್ನು ಪದಕ್ಕೆ ಸದ್ದಿಲ್ಲದೆ ಸೇರಿಸಿಬಿಡುತ್ತಾರೆ. ನನಗೆ ಇದು ಭಾಷೆಗಳ ಬಹಳ ಪ್ರೀತಿಯ ಗುಣ ಅನ್ನಿಸುತ್ತೆ.

ಇಂಗ್ಲಿಷಿನ ನೆಂಟರಲ್ಲಿ ಹಳೇ ಅರ್ಥ ಹಾಗೇ ಇದೆ. ಇಟಲಿಯವರು ‘ಏನಾಯ್ತು?’ ಅಂತ ಕೇಳುವುದು ‘ಕೆ ಕೋಸಾ ಎ ಸುಚ್ಚೆಸ್ಸೊ?’ ಅಂತ. ಅಲ್ಲಿ ಯಶಸ್ಸಿನ ಮಾತೇ ಇಲ್ಲ. ಸ್ಪೇನ್‌ನ ಪತ್ರಿಕೆಗಳಲ್ಲಿ ‘ಸುಸೆಸೋಸ್’ ಅನ್ನುವ ಪುಟ ಇರುತ್ತೆ. ಹೆಸರು ಕೇಳಿ ಸಾಧಕರ ಪುಟ ಅಂದುಕೊಂಡೀರಿ. ಅದು ಅಪಘಾತ, ಅಪರಾಧಗಳ ಪುಟ. ನಡೆದ ಘಟನೆಗಳು ಅಂತಷ್ಟೇ ಆ ಪದದ ಅರ್ಥ.

ಹಾಗಾದರೆ ನಿಮ್ಮ ತಂದೆಯವರ ಬ್ಯಾಂಕಿನ ವಿಷಯ. ‘ಸಕ್ಸೆಷನ್’ ಬಂದಿರುವುದು ಹಳೇ ಅರ್ಥದಿಂದ. ಒಬ್ಬರಾದಮೇಲೆ ಯಾರು ಅನ್ನುವುದೇ ಸಕ್ಸೆಷನ್. ತೀರಿಕೊಂಡವರಿಗೆ ಬರಬೇಕಾದ ಸಾಲ, ಠೇವಣಿ, ಷೇರಿನಂಥ ಹಣದ ಬಾಬ್ತುಗಳನ್ನು ವಸೂಲಿ ಮಾಡುವ ಅಧಿಕಾರ ಯಾರಿಗೆ ಅಂತ ಕೋರ್ಟ್ ಕೊಡುವ ಪತ್ರ ಅದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕೆಳಗೆ ಕೊಡುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಇಂಗ್ಲಿಷ್ ಹೆಸರಲ್ಲೂ ಇದೇ ‘ಸಕ್ಸೆಷನ್’ ಇದೆ. ಅಪ್ಪನನ್ನು ಕಳೆದುಕೊಂಡ ದುಃಖದಲ್ಲಿ ಇಂಥ ಪದ ಕಿವಿಗೆ ಬಿದ್ದರೆ ಯಾರಿಗಾದರೂ ಗೊಂದಲ ಆಗುತ್ತೆ. ಕೌಂಟರಿನಲ್ಲಿ ಕೂತವರು ‘ಉತ್ತರಾಧಿಕಾರ ಪ್ರಮಾಣಪತ್ರ’ ಅಂತ ಒಂದು ಸಲ ಕನ್ನಡದಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ನಿಮ್ಮ ಮೊದಲ ವಾಕ್ಯ ನೋಡೋಣ. ಎರಡು ದಿನದ ಕೆಲಸ ನಿಲ್ಲಿಸಿದ್ದು ಅದು. ಹಳೇ ಸರ್ ಹೊಸ ಮೇಡಂ ಅವರನ್ನು ‘ಸಕ್ಸೀಡ್’ ಮಾಡಿದರು ಅಂತ ಬರೆದಿರಿ. ಇಂಗ್ಲಿಷಿನಲ್ಲಿ ಅದು ತಿರುಗಾಮುರುಗಾ ಆಯ್ತು. ಮೇಡಂ ಮೊದಲು ಇದ್ದರು, ಅವರಾದಮೇಲೆ ಸರ್ ಬಂದರು ಅಂತ. ಹೆಡ್ ಆಫೀಸಿನವರು ತಲೆ ಕೆರೆದುಕೊಂಡದ್ದು ಅದಕ್ಕೇ.

ಇಲ್ಲಿ ಎಡವುವುದಕ್ಕೆ ಒಂದು ಗಟ್ಟಿ ಕಾರಣ ನಮ್ಮ ‘ಹಿಂದೆ’ ಅನ್ನುವ ಪದದಲ್ಲಿದೆ. ‘ಹಿಂದಿನ ಮ್ಯಾನೇಜರ್’ ಅಂದರೆ ಮೊದಲು ಇದ್ದವರು. ‘ನನ್ನ ಹಿಂದೆ ನಿಂತವರು’ ಅಂದರೆ ಸರದಿಯಲ್ಲಿ ನನ್ನ ನಂತರದವರು. ಕಾಲಕ್ಕೆ ಹೇಳಿದಾಗ ಹಿಂದೆ ಅಂದರೆ ಮೊದಲು, ಸಾಲಿಗೆ ಹೇಳಿದಾಗ ಹಿಂದೆ ಅಂದರೆ ಆಮೇಲೆ. ಹಾಗಾಗಿ ಡಿಕ್ಷನರಿಯಲ್ಲಿ ‘ಹಿಂದೆ ಬರು’ ಅಂತ ಓದಿದ ಕನ್ನಡದವರಿಗೆ ಯಾರು ಮೊದಲು ಯಾರು ಆಮೇಲೆ ಅನ್ನುವುದು ಅಲ್ಲಾಡುತ್ತೆ. ನಾನು ಮಕ್ಕಳಿಗೆ ಹೇಳುವುದು ಇಷ್ಟು: ರೇಷನ್ ಅಂಗಡಿಯ ಕ್ಯೂ ನೆನಪಿಸಿಕೊಳ್ಳಿ. ಸಕ್ಸೀಡ್ ಮಾಡುವವರು ಬೆನ್ನ ಹಿಂದೆ ನಿಂತವರು. ಮುಂದಿನವರು ಚೀಲ ಎತ್ತಿಕೊಂಡು ಹೋದಮೇಲೆ ಅವರ ಜಾಗಕ್ಕೆ ಬರುವವರು.

ಕ್ರಿಕೆಟ್ಟಿನಿಂದ ಒಂದು ಉದಾಹರಣೆ. ಇದನ್ನು ನಾನು ಎಷ್ಟೋ ವರ್ಷದಿಂದ ಬಳಸುತ್ತಿದ್ದೇನೆ, ಯಾಕೆಂದರೆ ಕ್ಲಾಸಿನಲ್ಲಿ ಮಲಗಿದವರೂ ಎದ್ದು ಕೂರುತ್ತಾರೆ. 2007ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವ ಬಿಟ್ಟರು. ಟೆಸ್ಟ್ ತಂಡಕ್ಕೆ ಅನಿಲ್ ಕುಂಬ್ಳೆ ನಾಯಕರಾದರು. 2008ರಲ್ಲಿ ಕುಂಬ್ಳೆ ನಿವೃತ್ತರಾದರು, ಧೋನಿ ಬಂದರು. ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ.

‘ಕುಂಬ್ಳೆ ಸಕ್ಸೀಡೆಡ್ ದ್ರಾವಿಡ್ ಆ್ಯಸ್ ಟೆಸ್ಟ್ ಕ್ಯಾಪ್ಟನ್.’ ದ್ರಾವಿಡ್ ಆದಮೇಲೆ ಕುಂಬ್ಳೆ.

‘ಕುಂಬ್ಳೆ ವಾಸ್ ಸಕ್ಸೀಡೆಡ್ ಬೈ ಧೋನಿ.’ ಕುಂಬ್ಳೆ ಆದಮೇಲೆ ಧೋನಿ.

‘ಕುಂಬ್ಳೆ ಸಕ್ಸೀಡೆಡ್ ಇನ್ ವಿನ್ನಿಂಗ್ ಹಿಸ್ ಫಸ್ಟ್ ಸೀರೀಸ್.’ ಪಾಕಿಸ್ತಾನದ ವಿರುದ್ಧ ನಾಯಕರಾಗಿ ಆಡಿದ ಮೊದಲ ಸರಣಿ ಗೆದ್ದರು.

ಒಂದೇ ಮನುಷ್ಯ, ಒಂದೇ ಕ್ರಿಯಾಪದ, ಮೂರು ಸುದ್ದಿ. ಇವುಗಳ ನಡುವೆ ಒಂದು ಅಪಾಯದ ವಾಕ್ಯ ಇದೆ: ‘ಕುಂಬ್ಳೆ ಸಕ್ಸೀಡೆಡ್ ಆ್ಯಸ್ ಕ್ಯಾಪ್ಟನ್.’ ಹೆಸರೂ ಇಲ್ಲ, ‘ಇನ್’ ಕೂಡ ಇಲ್ಲ. ನಾಯಕರಾಗಿ ಯಶಸ್ವಿಯಾದರು ಅಂತಲೋ, ನಾಯಕರ ಜಾಗಕ್ಕೆ ಬಂದರು ಅಂತಲೋ? ಎರಡೂ ಓದಬಹುದು. ಆಫೀಸಿನ ಪತ್ರದಲ್ಲಿ ಇಂಥ ವಾಕ್ಯ ಬೇಡವೇ ಬೇಡ.

‘ವಾಸ್ ಸಕ್ಸೀಡೆಡ್ ಬೈ’ ಅನ್ನುವ ರೂಪದಿಂದ ಇನ್ನೊಂದು ಉಪಯೋಗ ಇದೆ. ಕರ್ಮಣಿ ಪ್ರಯೋಗ ಬರುವುದು ಜಾಗಕ್ಕೆ ಬರುವ ಅರ್ಥಕ್ಕೆ ಮಾತ್ರ. ಗೆಲುವಿನ ಅರ್ಥಕ್ಕೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ‘ಯಾರನ್ನು’ ‘ಏನನ್ನು’ ಅನ್ನುವುದೇ ಇಲ್ಲ. ಅರ್ಜಿಗಳಲ್ಲಿ ‘ಐ ವಾಸ್ ಸಕ್ಸೀಡೆಡ್ ಇನ್ ದ ಎಕ್ಸಾಂ’ ಅಂತ ಬರೆದದ್ದನ್ನು ಬಹಳ ನೋಡಿದ್ದೇನೆ. ‘ಐ ಸಕ್ಸೀಡೆಡ್ ದ ಎಕ್ಸಾಂ’ ಅನ್ನುವುದು ಇನ್ನೂ ಜಾಸ್ತಿ. ಅದರ ಅರ್ಥ ಪರೀಕ್ಷೆ ತನ್ನ ಹುದ್ದೆ ಬಿಟ್ಟಿತು, ಆ ಜಾಗಕ್ಕೆ ನಾನು ಬಂದೆ ಅಂತಾಗುತ್ತೆ. ಪರೀಕ್ಷೆಗೆ ‘ಪಾಸ್ಡ್’ ಸಾಕು. ಅದಕ್ಕಿಂತ ಒಳ್ಳೆಯ ಪದ ಹುಡುಕುವ ಅಗತ್ಯವೇ ಇಲ್ಲ.

ಈಗ ‘ಟು’ ಜಗಳ. ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ಸರಿ. ತಮ್ಮನ ಪುಸ್ತಕ ಪೂರ್ತಿ ಸರಿ. ‘ಟು’ ಮುಂದೆ ನಾಮಪದ ಬಂದರೆ ಸರಿ: ಸಿಂಹಾಸನ, ಪದವಿ, ಬಿರುದು, ಆಸ್ತಿ. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಾಗ ಅವರ ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರ್ ಮೈಸೂರಿನ ಪಟ್ಟಕ್ಕೆ ಬಂದರು. ಅದನ್ನು ‘ಸಕ್ಸೀಡೆಡ್ ಟು ದ ಥ್ರೋನ್’ ಅಂತಲೂ, ‘ಸಕ್ಸೀಡೆಡ್ ಹಿಸ್ ಅಂಕಲ್’ ಅಂತಲೂ ಹೇಳಬಹುದು. ಮನುಷ್ಯನಿಗೆ ‘ಟು’ ಇಲ್ಲ, ಪಟ್ಟಕ್ಕೆ ‘ಟು’ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಎಲಿಜಬೆತ್ ರಾಣಿ ತೀರಿಕೊಂಡು ಚಾರ್ಲ್ಸ್ ರಾಜನಾದಾಗ ಪತ್ರಿಕೆಗಳ ತುಂಬ ಈ ಎರಡೂ ರೂಪ ಇದ್ದವು. ಆದರೆ ‘ಟು’ ಮುಂದೆ ಕ್ರಿಯಾಪದ ಬಂದರೆ ತಪ್ಪು. ‘ಸಕ್ಸೀಡೆಡ್ ಟು ಕಲೆಕ್ಟ್’ ನಿಲ್ಲುವುದಿಲ್ಲ. ‘ಸಕ್ಸೀಡೆಡ್ ಇನ್ ಕಲೆಕ್ಟಿಂಗ್’ ಆಗಬೇಕು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಹೇಳುತ್ತೇನೆ. ಇದು ಕನ್ನಡದವರಿಗೆ ಸಿಕ್ಕ ವರ. ನಮ್ಮ ಪತ್ರಿಕೆಗಳನ್ನು ದಿನಾ ಓದುತ್ತೀರಲ್ಲ. ‘ಆರೋಪಿಯನ್ನು ಬಂಧಿಸುವಲ್ಲಿ ಪೊಲೀಸರು ಯಶಸ್ವಿಯಾಗಿದ್ದಾರೆ.’ ‘ಚಿರತೆಯನ್ನು ಸೆರೆ ಹಿಡಿಯುವಲ್ಲಿ ಅರಣ್ಯ ಸಿಬ್ಬಂದಿ ಯಶಸ್ವಿಯಾದರು.’ ಬಂಧಿಸುವ-ಅಲ್ಲಿ, ಹಿಡಿಯುವ-ಅಲ್ಲಿ. ಆ ‘ಅಲ್ಲಿ’ಯೇ ಇಂಗ್ಲಿಷಿನ ‘ಇನ್’. ‘ಬಂಧಿಸುವ’ ಅನ್ನುವುದೇ ಇಂಗ್ಲಿಷಿನ ‘ಇಂಗ್’ ರೂಪದ ಜಾಗದಲ್ಲಿ ಕೂತಿದೆ. ಒಂದಕ್ಕೊಂದು ಅಚ್ಚು ಹೊಯ್ದ ಹಾಗೆ ಹೊಂದುತ್ತೆ. ನೀವು ಬಾಯಿಪಾಠ ಮಾಡಬೇಕಾದ ನಿಯಮ ಯಾವುದೂ ಇಲ್ಲ. ನಿಮ್ಮ ಮನಸ್ಸಿನ ಕನ್ನಡ ವಾಕ್ಯದಲ್ಲಿ ‘-ಉವಲ್ಲಿ ಯಶಸ್ವಿ’ ಅಂತಿದ್ದರೆ ‘ಸಕ್ಸೀಡೆಡ್ ಇನ್’ ಬರೆಯಿರಿ. ‘ವಸೂಲಿ ಮಾಡಲು ಸಾಧ್ಯವಾಯಿತು’ ಅಂತಿದ್ದರೆ, ಆ ‘-ಅಲು’ ಇಂಗ್ಲಿಷಿನ ‘ಟು’. ಆಗ ‘ಮ್ಯಾನೇಜ್ಡ್ ಟು’ ಅಥವಾ ‘ವಾಸ್ ಏಬಲ್ ಟು’ ಬರೆಯಿರಿ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ತಮ್ಮ ಭಾಷೆ ಇಂಗ್ಲಿಷಿಗೆ ಅಡ್ಡಿ ಅಂತ ನಂಬಿದ್ದವರಿಗೆ ಅದು ಏಣಿಯೂ ಆಗುತ್ತೆ ಅಂತ ಅವತ್ತು ಗೊತ್ತಾಗುತ್ತೆ.

ಹಾಗಾದರೆ ನೀವು ‘ಟು’ ಹಾಕಿದ್ದು ಯಾಕೆ? ಬಹುಶಃ ‘ಫೇಲ್’ ಎಳೆದುಕೊಂಡು ಹೋಗಿದೆ. ‘ಫೇಲ್ಡ್ ಟು ಕಲೆಕ್ಟ್’ ಸರಿ. ಸೋಲಿಗೆ ‘ಟು’ ಬರುತ್ತೆ ಅಂದಮೇಲೆ ಗೆಲುವಿಗೂ ಬರಬೇಕು ಅಂತ ಅನ್ನಿಸುವುದು ಸಹಜ. ಇಂಗ್ಲಿಷಿನಲ್ಲಿ ಈ ಜೋಡಿಗೆ ಹೊಂದಿಕೆ ಇಲ್ಲ. ಸೋತರೆ ‘ಫೇಲ್ಡ್ ಟು ಓಪನ್’, ಗೆದ್ದರೆ ‘ಸಕ್ಸೀಡೆಡ್ ಇನ್ ಓಪನಿಂಗ್’. ಅರ್ಥದಲ್ಲೂ ಒಂದು ವ್ಯತ್ಯಾಸ ಇದೆ. ‘ದ ಬಸ್ ಫೇಲ್ಡ್ ಟು ಅರೈವ್’ ಅನ್ನಬಹುದು, ಬಸ್ ಪ್ರಯತ್ನ ಪಟ್ಟಿರಬೇಕಿಲ್ಲ. ಆದರೆ ‘ದ ಬಸ್ ಸಕ್ಸೀಡೆಡ್ ಇನ್ ಅರೈವಿಂಗ್’ ಅಂದರೆ ಬಸ್ಸು ಹಟ ಹಿಡಿದು, ಕಷ್ಟಪಟ್ಟು ಬಂದ ಹಾಗೆ. ಸಕ್ಸೀಡ್ ಅಂದಾಗ ಹಿಂದೆ ಒಂದು ಪ್ರಯತ್ನ ಇರಬೇಕು.

ಮೂರನೇ ವಾಕ್ಯ, ‘ಪ್ರೋಗ್ರಾಂ ವಾಸ್ ಸಕ್ಸಸ್’. ಇದರ ಬೇರು ನಮ್ಮ ದಿನದ ಮಾತಿನಲ್ಲಿದೆ. ಕನ್ನಡದಲ್ಲಿ ಯಾವ ಇಂಗ್ಲಿಷ್ ಪದಕ್ಕಾದರೂ ‘ಆಗು’ ಸೇರಿಸಿದರೆ ಕ್ರಿಯಾಪದ ಆಗಿಬಿಡುತ್ತೆ. ಪಾಸ್ ಆದ, ಫೇಲ್ ಆದ, ಸಕ್ಸಸ್ ಆದ. ಪಾಸ್ ಮತ್ತು ಫೇಲ್ ಇಂಗ್ಲಿಷಿನಲ್ಲೂ ಕ್ರಿಯಾಪದಗಳೇ, ಹಾಗಾಗಿ ತೊಂದರೆ ಇಲ್ಲ. ಸಕ್ಸಸ್ ಮಾತ್ರ ನಾಮಪದ. ಅದರ ಕ್ರಿಯಾಪದ ಸಕ್ಸೀಡ್, ಗುಣಪದ ಸಕ್ಸಸ್‌ಫುಲ್. ‘ಐ ಸಕ್ಸಸ್ಡ್’ ಅನ್ನುವ ತಪ್ಪು ಹುಟ್ಟುವುದೂ ಇಲ್ಲಿಂದಲೇ. ನಿಮ್ಮ ವಾಕ್ಯಕ್ಕೆ ಬೇಕಾಗಿದ್ದು ಒಂದೇ ಅಕ್ಷರ: ‘ವಾಸ್ ಎ ಸಕ್ಸಸ್.’ ಇಲ್ಲವೇ ‘ವಾಸ್ ಸಕ್ಸಸ್‌ಫುಲ್’. ಎರಡೂ ಚೆನ್ನಾಗಿವೆ.

ಪಕ್ಕದಲ್ಲೇ ಒಂದು ಹಳ್ಳ ಇದೆ, ತೋರಿಸಿಬಿಡುತ್ತೇನೆ. ‘ಸಕ್ಸೆಸಿವ್’ ಅಂದರೆ ಯಶಸ್ವಿ ಅಲ್ಲ, ಸತತ. ‘ತ್ರೀ ಸಕ್ಸೆಸಿವ್ ಇಯರ್ಸ್’ ಅಂದರೆ ಸತತ ಮೂರು ವರ್ಷ. ಆ ಮೂರೂ ವರ್ಷ ನಷ್ಟದಲ್ಲೇ ಕಳೆದಿರಬಹುದು. ಸ್ಪೆಲ್ಲಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸಕ್ಸೀಡ್‌ನಲ್ಲಿ ಎರಡು ಸಿ, ಎರಡು ಇ. ಹೀಗೆ ಸಿ ಆದಮೇಲೆ ಜೋಡಿ ಇ ಬಂದು ಮುಗಿಯುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಮೂರೇ: ಸಕ್ಸೀಡ್, ಪ್ರೊಸೀಡ್, ಎಕ್ಸೀಡ್. ಪ್ರಿಸೀಡ್, ರಿಸೀಡ್, ಕನ್ಸೀಡ್ ಎಲ್ಲ ಒಂಟಿ ಇ ದಾರಿ ಹಿಡಿದವು. ಉಚ್ಚಾರದಲ್ಲಿ ಒತ್ತು ಎರಡನೇ ಭಾಗಕ್ಕೆ, ‘ಸೀಡ್’ ಉದ್ದ.

ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಪದವನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ಬಿಡಬೇಡಿ. ಕೋರ್ಟ್ ಕಾಗದ, ಇತಿಹಾಸ, ಪತ್ರಿಕೆ, ಕಂಪನಿ ಸುತ್ತೋಲೆ ಎಲ್ಲದರಲ್ಲೂ ಅದು ಸಿಗುತ್ತೆ. ಬರೆಯುವಾಗ ಮಾತ್ರ ನಿಮಗೆ ಬೇರೆ ದಾರಿಗಳಿವೆ. ಎಲ್ಲ ದಾರಿಯಲ್ಲೂ ಒಂದೊಂದು ಕಲ್ಲಿದೆ ಅಂತ ತಿಳಿದು ನಡೆಯಿರಿ.

‘ಮ್ಯಾನೇಜ್ಡ್ ಟು’ ಸುಲಭ. ಮಾತಿನಲ್ಲಿ ಎಲ್ಲರೂ ಬಳಸುತ್ತಾರೆ. ಆದರೆ ಅದರಲ್ಲಿ ಹೇಗೋ ಕಷ್ಟಪಟ್ಟು ಆಯ್ತು ಅನ್ನುವ ಧ್ವನಿ ಇದೆ. ‘ಅಂತೂ ಇಂತೂ ಮುಗಿಸಿದೆ’ ಅಂದ ಹಾಗೆ. ಸ್ನೇಹಿತರಿಗೆ ಸರಿ, ಕೆಲಸದ ಅರ್ಜಿಯಲ್ಲಿ ನಿಮ್ಮ ಶ್ರಮವನ್ನು ಅದು ಕುಗ್ಗಿಸುತ್ತೆ. ‘ವಾಸ್ ಏಬಲ್ ಟು’ ನಿರಪಾಯ, ಸ್ವಲ್ಪ ಉದ್ದ ಅಷ್ಟೆ. ‘ಕುಡ್’ ಬಗ್ಗೆ ಮಾತ್ರ ಎಚ್ಚರ. ‘ಮಾಡೋಕ್ಕಾಯ್ತು’ ಅನ್ನುವುದನ್ನು ನಾವು ‘ಐ ಕುಡ್ ಕಲೆಕ್ಟ್’ ಅಂತ ಬರೆಯುತ್ತೇವೆ. ಓದುವವರು ‘ವಸೂಲಿ ಮಾಡಬಹುದು’ ಅಂತ ತಿಳಿಯುವ ಸಾಧ್ಯತೆ ಇದೆ. ಹಣದ ವಿಷಯದಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ. ‘ಕುಡ್ ನಾಟ್’ ಆದರೆ ತೊಂದರೆ ಇಲ್ಲ.

‘ಕ್ಲಿಯರ್’, ‘ಕ್ರ್ಯಾಕ್’ ಎರಡೂ ನಮ್ಮಲ್ಲಿ ಪರೀಕ್ಷೆಗೆ ಚೆನ್ನಾಗಿ ನಡೆಯುತ್ತವೆ. ಕೋಚಿಂಗ್ ಸೆಂಟರಿನ ಬ್ಯಾನರ್ ತುಂಬ ಅವೇ ಇರುತ್ತವೆ. ಔಪಚಾರಿಕ ಪತ್ರದಲ್ಲಿ ‘ಕ್ರ್ಯಾಕ್’ ಬೇಡ, ಅದು ಹುಡುಗರ ಮಾತು. ‘ಕ್ಲಿಯರ್ಡ್ ದ ಎಕ್ಸಾಂ’ ಅನ್ನುವುದು ನಮ್ಮ ದೇಶದ ಇಂಗ್ಲಿಷಿನಲ್ಲಿ ಸರಿಯಾದ ಮಾತು. ಹೊರದೇಶದವರಿಗೆ ಬರೆಯುವಾಗ ‘ಪಾಸ್ಡ್’ ಅನ್ನಿ. ‘ಸಕ್ಸಸ್‌ಫುಲ್ಲಿ ಕಂಪ್ಲೀಟೆಡ್’ ಅನ್ನುವುದು ಸರ್ಟಿಫಿಕೇಟುಗಳ ಭಾಷೆ. ತಪ್ಪಲ್ಲ, ಆದರೆ ಕಂಪ್ಲೀಟೆಡ್ ಅಂದಮೇಲೆ ಸಕ್ಸಸ್‌ಫುಲ್ಲಿ ಎಷ್ಟು ಬೇಕು ಅಂತ ಒಮ್ಮೆ ಯೋಚಿಸಿ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಬರಿಯ ಕ್ರಿಯಾಪದ. ‘ಐ ಕಲೆಕ್ಟೆಡ್ ದ ಡ್ಯೂಸ್.’ ವಸೂಲಿ ಮಾಡಿದೆ. ಆ ಒಂದು ಪದದಲ್ಲೇ ಕೆಲಸ ಆಯ್ತು ಅನ್ನುವುದು ಬಂತು. ನಾವು ಕನ್ನಡದಲ್ಲೂ ‘ಅನ್ನ ಮಾಡುವಲ್ಲಿ ಯಶಸ್ವಿಯಾದೆ’ ಅನ್ನುವುದಿಲ್ಲ, ‘ಅನ್ನ ಮಾಡಿದೆ’ ಅಂತೀವಿ. ಎರಡು ವರ್ಷದಿಂದ ಬಾಕಿ ಉಳಿಸಿಕೊಂಡು ಫೋನ್ ಎತ್ತದ ಗಿರಾಕಿಯಿಂದ, ಮನೆ ಬಾಗಿಲಿಗೆ ಅಲೆದು ದುಡ್ಡು ತಂದಿದ್ದರೆ ಆಗ ‘ಸಕ್ಸೀಡೆಡ್ ಇನ್ ಕಲೆಕ್ಟಿಂಗ್’ ಬರೆಯಿರಿ. ಆ ಅಲೆದಾಟಕ್ಕೆ ಆ ಪದ ತಕ್ಕದ್ದು.

ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದಾಗಲೂ ಹಾಗೇ. ‘ಸಕ್ಸೀಡೆಡ್’ ಗಂಭೀರ ಮಾತು, ರಾಜರು ಮಂತ್ರಿಗಳು ಅಧ್ಯಕ್ಷರಿಗೆ ಹೊಂದುತ್ತೆ. ‘ರಿಪ್ಲೇಸ್ಡ್’ ಅಂದರೆ ಹಳಬರನ್ನು ತೆಗೆದುಹಾಕಿದರೇನೋ ಅನ್ನುವ ಅನುಮಾನ ಬರಬಹುದು. ವರ್ಗವಾಗಿ ಗೌರವದಿಂದ ಹೋದವರಿಗೆ ಅದು ಬೇಡ. ನಮ್ಮ ಆಫೀಸುಗಳಲ್ಲಿ ‘ಚಾರ್ಜ್ ತಗೊಂಡರು’ ಅಂತೀವಲ್ಲ, ಅದೇ ಇಂಗ್ಲಿಷಿನಲ್ಲೂ ಚೆನ್ನಾಗಿ ನಿಲ್ಲುತ್ತೆ. ಯಾರಿಂದ, ಯಾವ ದಿನದಿಂದ ಅಂತ ಸೇರಿಸಿದರೆ ತಿರುಗಾಮುರುಗಾ ಆಗುವ ಮಾತೇ ಇಲ್ಲ.

ನಿಮ್ಮ ಮೇಲ್ ಅನ್ನು ನಾನು ಹೀಗೆ ಬರೆಯುತ್ತಿದ್ದೆ. ಮೊದಲು ಹೊಸ ಮೇಡಂ ಅವರ ಹೆಸರು, ಆಮೇಲೆ ‘ಟುಕ್ ಚಾರ್ಜ್ ಆ್ಯಸ್ ಬ್ರಾಂಚ್ ಮ್ಯಾನೇಜರ್ ಫ್ರಂ’, ಆಮೇಲೆ ಹಳೇ ಸರ್ ಹೆಸರು, ಕೊನೆಗೆ ತಾರೀಖು. ಎರಡನೇ ಸಾಲು, ‘ಆಲ್ ಚೆಕ್ಸ್ ವಿಲ್ ನೌ ಬಿ ಸೈನ್ಡ್ ಬೈ’ ಅಂತ ಮತ್ತೆ ಮೇಡಂ ಹೆಸರು. ಮೂರನೇ ಸಾಲು, ‘ಐ ಹ್ಯಾವ್ ಕಲೆಕ್ಟೆಡ್ ದ ಡ್ಯೂಸ್’, ಎಷ್ಟು ಮೊತ್ತ ಅಂತ ಅಂಕಿಯಲ್ಲಿ. ಸೆಂಡ್ ಆಫ್ ಬಗ್ಗೆ ಕೊನೇ ಸಾಲು, ‘ದ ಸೆಂಡ್ ಆಫ್ ವಾಸ್ ಎ ಸಕ್ಸಸ್’. ಇದನ್ನು ಡ್ರಾಫ್ಟಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಗಾವಣೆ ಬಂದಾಗ ಹೆಸರು, ತಾರೀಖು, ಮೊತ್ತ ಬದಲಾಯಿಸಿದರೆ ಆಯ್ತು.